ಸರ್ಕಾರ ಮುಚ್ಚಿದರೆ ತೆರಿಗೆ ಹಣ ಉಳಿಯುತ್ತದಾ? ಅಮೆರಿಕದ ಶಟ್‌ಡೌನ್ ಕಂಡವರು ಹೇಳಿ

ಪ್ರಶ್ನೆ (ವರ್ಜೀನಿಯಾದಿಂದ):
ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಇಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಸೆಪ್ಟೆಂಬರ್ 30ಕ್ಕೆ ಸರ್ಕಾರದ ಬಜೆಟ್ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಸಂಸತ್ತು ಮುಂದಿನ ಹಣ ಮಂಜೂರು ಮಾಡದಿದ್ದರೆ ಸರ್ಕಾರಿ ಕಚೇರಿಗಳು ಮುಚ್ಚುತ್ತವೆ, ಅದೇ ಶಟ್‌ಡೌನ್. ಆ ದಿನ ಹತ್ತಿರ ಬಂದರೆ ಸಾಕು, ನಮ್ಮ ಮನೆಯಲ್ಲಿ ದಿಗಿಲು. ಏನು ತಯಾರಿ ಮಾಡಿಕೊಳ್ಳಬೇಕು? ಇನ್ನೊಂದು ಮಾತು. ನಮ್ಮ ಅಪ್ಪ ಹಾಸನದಲ್ಲಿ ತಾಲೂಕು ಕಚೇರಿಯಿಂದ ನಿವೃತ್ತರಾದವರು. ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಕಚೇರಿ ಮುಚ್ಚಿದ್ರೆ ಖರ್ಚು ಕಮ್ಮಿ ಆಗುತ್ತಲ್ವೇನಮ್ಮಾ? ಜನರ ದುಡ್ಡು ಉಳೀತಲ್ಲ?" ಅವರಿಗೆ ಹೇಗೆ ತಿಳಿಸಿ ಹೇಳಲಿ?

ಉತ್ತರ 1 (ಮೇರಿಲ್ಯಾಂಡ್‌ನಿಂದ, ಕೇಂದ್ರ ಸರ್ಕಾರದ ನೌಕರ):
ತಂಗಿ, ನಾನು ಮೂರು ದೊಡ್ಡ ಶಟ್‌ಡೌನ್ ಕಂಡಿದ್ದೇನೆ. 2013ರಲ್ಲಿ 16 ದಿನ, 2018-19ರಲ್ಲಿ 35 ದಿನ, 2025ರಲ್ಲಿ 43 ದಿನ. ನಿಮ್ಮ ತಂದೆಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಡೆಯುವುದು ಅದರ ತಿರುವುಮುರುವು.

ನಮ್ಮನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಫರ್ಲೋ ಅನ್ನುತ್ತಾರೆ. ಕಚೇರಿಯ ಮೇಲ್ ಕೂಡ ತೆರೆಯುವಂತಿಲ್ಲ. ಸುಮ್ನೆ ಕೂರೋಕಾಗಲ್ಲ, ಬಿಟ್ಟಿ ಕೆಲಸ ಮಾಡ್ತೀನಿ ಅಂದರೂ ಕಾನೂನು ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ಮನೆಯಲ್ಲಿ ಕೂತ ಅಷ್ಟೂ ದಿನದ ಸಂಬಳ ಕೊಡುತ್ತಾರೆ. ಮೊದಲೆಲ್ಲ ಸಂಸತ್ತು ಪ್ರತಿ ಸಲವೂ ಒಪ್ಪಿಗೆ ಕೊಡಬೇಕಿತ್ತು. 2019ರಲ್ಲಿ ಅದನ್ನೇ ಕಾನೂನು ಮಾಡಿದರು. 2025ರಲ್ಲಿ ಆ ಕಾನೂನಿನ ಅರ್ಥದ ಬಗ್ಗೆಯೇ ತಕರಾರು ಎದ್ದಿತ್ತು. ಆ ವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಸಂಬಳ ಬಂತು.

ಹಾಗಾದರೆ ತೆರಿಗೆ ಕಟ್ಟಿದವರಿಗೆ ಸಿಕ್ಕಿದ್ದೇನು? ಸಂಬಳ ಪೂರ್ತಿ ಹೋಯಿತು, ಕೆಲಸ ಮಾತ್ರ ಆಗಲಿಲ್ಲ. 2013ರ ಒಂದೇ ಶಟ್‌ಡೌನ್‌ನಲ್ಲಿ ಹೀಗೆ ಹೋದದ್ದು 66 ಲಕ್ಷ ಕೆಲಸದ ದಿನಗಳು. ಅವುಗಳ ಸಂಬಳವೇ ಸುಮಾರು 200 ಕೋಟಿ ಡಾಲರ್. 2019ರಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಒಂದು ಉಪಸಮಿತಿ, 2013ರದ್ದೂ ಸೇರಿ ಅಲ್ಲಿಯವರೆಗಿನ ಕೊನೆಯ ಮೂರು ಶಟ್‌ಡೌನ್‌ಗಳ ಲೆಕ್ಕ ಕೂಡಿಸಿತು. ಒಟ್ಟು ಹತ್ತಿರ ಹತ್ತಿರ 400 ಕೋಟಿ ಡಾಲರ್. ಅದರಲ್ಲಿ 370 ಕೋಟಿ ಇಂಥ ಸಂಬಳದ್ದೇ. ಮಿಕ್ಕ 33 ಕೋಟಿ ಚಿಲ್ಲರೆ ಯಾವುದಕ್ಕೆ ಅಂದರೆ, ಹೆಚ್ಚುವರಿ ಕೆಲಸ, ಬರಬೇಕಾಗಿದ್ದು ಬಾರದೆ ಹೋದ ಶುಲ್ಕ, ತಡವಾಗಿ ಕಟ್ಟಿದ ಬಿಲ್ಲಿನ ಬಡ್ಡಿ. ಇದೂ ಪೂರ್ತಿ ಲೆಕ್ಕ ಅಲ್ಲ. ರಕ್ಷಣಾ ಇಲಾಖೆಯಂಥ ದೊಡ್ಡವೇ ಪೂರ್ತಿ ಮಾಹಿತಿ ಕೊಟ್ಟಿರಲಿಲ್ಲ. ಆ ಮೂರರಲ್ಲಿ ಹಾಳಾದ ಕೆಲಸವನ್ನು ವರ್ಷಕ್ಕೆ ಪರಿವರ್ತಿಸಿ 56,938 ವರ್ಷ ಅಂತ ಬರೆದಿದ್ದರು. ಆ ಸಂಖ್ಯೆ ಓದಿ ನನಗೆ ಹೊಟ್ಟೆ ಉರಿಯಿತು. ಅದರಲ್ಲಿ ನನ್ನ ದಿನಗಳೂ ಇವೆ.

ಮುಚ್ಚುವುದಕ್ಕೂ ಖರ್ಚಿದೆ. ಮುಂಚಿನ ಒಂದು ವಾರ ಯಾರು ಬರಬೇಕು, ಯಾರು ಮನೆಯಲ್ಲಿರಬೇಕು ಅಂತ ಪಟ್ಟಿ ಮಾಡುವುದೇ ಕೆಲಸ. ವಾಪಸ್ ಬಂದ ಮೇಲೆ ರಾಶಿ ಬಿದ್ದ ಕಾಗದ ಕರಗಿಸಲು ತಿಂಗಳುಗಟ್ಟಲೆ ಬೇಕು.

ತಂದೆಯವರಿಗೆ ಹೀಗೆ ಹೇಳಿ. ನಮ್ಮ ದೇಶದಲ್ಲಿ ಬಜೆಟ್ ತಡವಾದರೆ ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗೆ ಸದನದ ತಾತ್ಕಾಲಿಕ ಒಪ್ಪಿಗೆ, ತೆಗೆದುಕೊಳ್ಳುತ್ತಾರೆ, ಕಚೇರಿ ನಡೆಯುತ್ತದೆ. ಬಜೆಟ್‌ಗೆ ಸದನದಲ್ಲಿ ಸೋಲಾದರೆ ಮಂತ್ರಿಮಂಡಲ ಮನೆಗೆ ಹೋಗುತ್ತದೆ. ಇಲ್ಲಿ ರಾಜಕಾರಣಿಗಳು ಅಲ್ಲೇ ಇರುತ್ತಾರೆ, ನೌಕರರು ಮನೆಗೆ ಹೋಗುತ್ತಾರೆ. ಊರಲ್ಲಿ ಮುಷ್ಕರ ಮಾಡಿದರೆ "ಕೆಲಸ ಇಲ್ಲ, ಸಂಬಳ ಇಲ್ಲ" ಅನ್ನುತ್ತಾರಲ್ವಾ? ನಾವು ಮುಷ್ಕರ ಮಾಡಿದವರಲ್ಲ. ಕೆಲಸ ಮಾಡಬೇಡಿ ಅಂತ ಅವರೇ ಬಾಗಿಲು ಹಾಕಿದ್ದು. ಅದಕ್ಕೇ ಸಂಬಳ ಕೊಡಲೇಬೇಕು. 1980ಕ್ಕೆ ಮುಂಚೆ ಇಲ್ಲೂ ಬಜೆಟ್ ತಡವಾದರೆ ಕಚೇರಿಗಳು ಹೇಗೋ ನಡೆಯುತ್ತಿದ್ದವು. ಆಗಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಹಣ ಮಂಜೂರಾಗದೆ ಕೆಲಸ ಮಾಡಿಸುವುದು ಕಾನೂನಿಗೆ ವಿರುದ್ಧ ಅಂದರು. ಆಮೇಲೆ ಶುರುವಾದದ್ದು ಇದು.

ಉತ್ತರ 2 (ವರ್ಜೀನಿಯಾದಿಂದ, ಗುತ್ತಿಗೆ ನೌಕರ):
ಅಕ್ಕ, ನಿಮ್ಮ ಯಜಮಾನರದು ನನ್ನದೇ ಪರಿಸ್ಥಿತಿ. ಮೇಲೆ ಸರ್ ಹೇಳಿದ ಬಾಕಿ ಸಂಬಳದ ಕಾನೂನು ನಮಗೆ ಅನ್ವಯಿಸುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಕಚೇರಿ ಮುಚ್ಚಿದಾಗ ನಮ್ಮ ಕಂಪನಿಯವರು "ಇರೋ ರಜೆ ಬಳಸಿಕೊಳ್ಳಿ" ಅಂದರು. ಊರಿಗೆ ಹೋಗಲು ಎರಡು ವರ್ಷದಿಂದ ಕೂಡಿಟ್ಟ 12 ದಿನದ ರಜೆ ಅಲ್ಲೇ ಕರಗಿತು. ಆಮೇಲಿನದಕ್ಕೆ ಸಂಬಳವೇ ಇಲ್ಲ. ಪಕ್ಕದ ಮೇಜಿನ ಸರ್ಕಾರಿ ನೌಕರರಿಗೆ ಪೂರ್ತಿ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಸ ಗುಡಿಸುವವರು, ಕಾವಲುಗಾರರು, ಕ್ಯಾಂಟೀನಿನವರಲ್ಲೂ ಬಹಳ ಜನ ಗುತ್ತಿಗೆಯವರೇ. ಅವರಿಗೆ ಕೂಡಿಟ್ಟ ರಜೆಯೂ ಇರಲಿಲ್ಲ.

ಈಗಲೇ ಮಾಡಬೇಕಾದದ್ದು: ಈ ಗುತ್ತಿಗೆಗೆ ಹಣ ಯಾವ ತಿಂಗಳವರೆಗೆ ಕಟ್ಟಿಟ್ಟಿದ್ದಾರೆ ಅಂತ ಮ್ಯಾನೇಜರ್ ಹತ್ತಿರ ಕೇಳಲಿ. ಹಣ ಮೊದಲೇ ಕಟ್ಟಿದ್ದರೆ ಶಟ್‌ಡೌನ್‌ನಲ್ಲೂ ಕೆಲಸ ನಡೆಯಬಹುದು. ಕಟ್ಟಡ ಮುಚ್ಚಿದರೆ ಮನೆಯಿಂದ ಮಾಡಬಹುದಾ ಅಂತಲೂ ಕೇಳಲಿ. 2018ರಲ್ಲಿ ನಾನು ಇದನ್ನು ಕೇಳಿರಲೇ ಇಲ್ಲ. 2025ರಲ್ಲಿ ಮೊದಲೇ ಕೇಳಿದ್ದೆ, ಬೇರೆ ಪ್ರಾಜೆಕ್ಟಿಗೆ ಹಾಕಿಸಿಕೊಂಡೆ, ಉಳಿದುಕೊಂಡೆ. ಮನೆ ಸಾಲದ ಬ್ಯಾಂಕಿಗೆ ಕಂತು ತಪ್ಪುವ ಮುಂಚೆ ಫೋನ್ ಮಾಡಿ. ತಪ್ಪಿದ ಮೇಲೆ ಮಾಡಿದರೆ ಮಾತಿನ ಧಾಟಿಯೇ ಬೇರೆ. ಮನೆಗೆ ಕಳಿಸಿದರೆ ರಾಜ್ಯದ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ, ನಾಚಿಕೆ ಬೇಡ. ಅಷ್ಟು ವರ್ಷ ತೆರಿಗೆ ಕಟ್ಟಿದ್ದೀರಿ. ವೀಸಾ ಮೇಲಿದ್ದರೆ ಮಾತ್ರ ಮೊದಲು ವಕೀಲರನ್ನು ಕೇಳಿ.

ಉತ್ತರ 3 (ನ್ಯೂಜೆರ್ಸಿಯಿಂದ):
ವೀಸಾ ಮಾತು ಬಂದದ್ದಕ್ಕೆ ಹೇಳುತ್ತೇನೆ. 2025ರ ಅಕ್ಟೋಬರ್ 1ರಿಂದ ಎಲ್‌ಸಿಎ, ಅಂದರೆ ಕಂಪನಿಯವರು ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಒಪ್ಪಿಗೆ, ಅದರ ಕೆಲಸ ನಿಂತಿತು. ಅದಿಲ್ಲದೆ ಎಚ್-1ಬಿ ಅರ್ಜಿ ಹಾಕುವಂತಿಲ್ಲ. ಹೊಸ ಕೆಲಸದ ಪತ್ರ ಕೈಯಲ್ಲಿತ್ತು, ಸೇರಲು ಆಗಲಿಲ್ಲ. ಮತ್ತೆ ಶುರುವಾದದ್ದು 31ಕ್ಕೆ. ಸೆಪ್ಟೆಂಬರ್ ಎರಡನೇ ವಾರದೊಳಗೇ ಎಲ್‌ಸಿಎ ಹಾಕಿಸಿಕೊಳ್ಳಿ. ಅದಕ್ಕೆ ಏಳು ಕೆಲಸದ ದಿನ ಬೇಕು. ಅರ್ಜಿ ನೋಡುವ ಯುಎಸ್‌ಸಿಐಎಸ್ ಮಾತ್ರ ಹೆಚ್ಚಾಗಿ ನಾವು ಕಟ್ಟುವ ಶುಲ್ಕದಲ್ಲೇ ನಡೆಯುತ್ತದೆ, ಹಾಗಾಗಿ ನಿಲ್ಲುವುದಿಲ್ಲ.

ಉತ್ತರ 4 (ಮೇರಿಲ್ಯಾಂಡ್‌ನಿಂದ):
ನಾನು ಮನೆಯಿಂದ ಊಟದ ಡಬ್ಬಿ ಕಳಿಸುತ್ತೇನೆ. ಬಿಸಿಬೇಳೆಬಾತ್, ಚಪಾತಿ ಪಲ್ಯ, ಮೊಸರನ್ನ. ತಗೊಳ್ಳುವವರು ಹೆಚ್ಚಿನವರು ಸರ್ಕಾರಿ ಕಚೇರಿಯವರು. ಆ 43 ದಿನ ಡಬ್ಬಿ ಕೇಳುವವರೇ ಇರಲಿಲ್ಲ. ಅವರಿಗೆ ಸಂಬಳ ಬಂತು, ಒಳ್ಳೆಯದಾಯಿತು. ಆದರೆ ತಿನ್ನದ ಊಟವನ್ನು ಯಾರೂ ಆಮೇಲೆ ಬಂದು ತಿನ್ನುವುದಿಲ್ಲ. ನನ್ನ ನಷ್ಟ ಯಾವ ಲೆಕ್ಕದಲ್ಲಿ ಬರುತ್ತದೋ ಯಾರಾದರೂ ಹೇಳಿ.

ಉತ್ತರ 1ರವರು ಮತ್ತೆ:
ಬರುತ್ತದೆ ಅಮ್ಮಾ. ಸಂಸತ್ತಿನ ಬಜೆಟ್ ಕಚೇರಿ, ಅಂದರೆ ಸಿಬಿಒ, ಅದನ್ನೇ ಎಣಿಸುವುದು. 35 ದಿನದ ಶಟ್‌ಡೌನ್‌ನಲ್ಲಿ ದೇಶದ ವಹಿವಾಟು 1,100 ಕೋಟಿ ಡಾಲರ್ ಕುಗ್ಗಿತು, ಅದರಲ್ಲಿ 300 ಕೋಟಿ ಮತ್ತೆಂದೂ ವಾಪಸ್ ಬರುವುದಿಲ್ಲ ಅಂದಿತ್ತು. 2025ರಲ್ಲಿ ಆರು ವಾರ ನಡೆದರೆ ವಾಪಸ್ ಬಾರದ ನಷ್ಟವೇ 1,100 ಕೋಟಿ ಅಂತ ಅಂದಾಜು ಮಾಡಿತ್ತು. ನಡೆದದ್ದು ಆರು ವಾರದ ಮೇಲೆ ಒಂದು ದಿನ. ನಿಮ್ಮ ಡಬ್ಬಿಗಳು ಅದರೊಳಗೆ ಇವೆ. ಪರಿಹಾರ ಮಾತ್ರ ಯಾರೂ ಕೊಡುವುದಿಲ್ಲ.

ಉತ್ತರ 5 (ಕ್ಯಾಲಿಫೋರ್ನಿಯಾದಿಂದ):
ಆ 35 ದಿನದ ಶಟ್‌ಡೌನ್ ನಡುವೆ, 2019ರ ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಇಲ್ಲಿನ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಗೇಟಿನಲ್ಲಿ ಹಣ ತೆಗೆದುಕೊಳ್ಳುವವರಿಲ್ಲ, ಹಾಗೇ ಒಳಗೆ ಹೋದೆವು. ಕಸದ ಡಬ್ಬಿ ತುಂಬಿ ಚೆಲ್ಲಿತ್ತು. ಊರವರು ಚೀಲ ಹಿಡಿದು ಕಸ ಎತ್ತುತ್ತಿದ್ದರು, ನಾವೂ ಸೇರಿಕೊಂಡೆವು. ಆಗ ಅಲ್ಲಿ ಕೆಲವು ಜೋಶುವಾ ಮರಗಳಿಗೂ ಹಾನಿಯಾಯಿತು. ಅವು ವರ್ಷಕ್ಕೆ ಬೆಳೆಯುವುದು ಒಂದೆರಡು ಇಂಚು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇವರು ಮ್ಯಾನೇಜರ್‌ಗೆ ಇವತ್ತೇ ಕೇಳಿದರು. ಗುತ್ತಿಗೆಗೆ ಹಣ ಡಿಸೆಂಬರ್ ಕೊನೆಯವರೆಗೆ ಕಟ್ಟಿದ್ದಾರಂತೆ. ಮೂರು ತಿಂಗಳ ಮನೆಖರ್ಚು ಬೇರೆ ಖಾತೆಗೆ ಹಾಕಲು ಶುರು ಮಾಡಿದ್ದೇವೆ. ಅಪ್ಪನಿಗೆ ಲೇಖಾನುದಾನ ಅಂದ ತಕ್ಷಣ ಅರ್ಥವಾಯಿತು. ಆಮೇಲೆ ಅವರು ಕೇಳಿದ್ದು ಒಂದೇ: "ಕಸ ಗುಡಿಸೋರಿಗೆ ಕೊನೆಗೂ ದುಡ್ಡು ಕೊಡಲಿಲ್ವಾ?" ಇಲ್ಲಪ್ಪ ಅಂದೆ. ಮೇರಿಲ್ಯಾಂಡಿನ ಅಕ್ಕ, ನಿಮ್ಮ ಡಬ್ಬಿ ವರ್ಜೀನಿಯಾ ಕಡೆಗೂ ಬರುತ್ತದಾ?