ಗಾಳಿ ಹಾನಿ: ಇಂಜಿನಿಯರಿಗೆ ಕೇಳ್ರಿ

ಸಿರುಗುಪ್ಪ: ಸರ್, ದನದ ಶೆಡ್ಡಿನ ತಗಡು ಪೂರಾ ಹಾರಿ ಹೋಗ್ಯಾವ. ಸುಂಟರಗಾಳಿ ಅಂತ ಬರಸ್ಬೇಕೇನ್ರಿ?

ಇಂಜಿನಿಯರ್: ತಗಡು ಹಾರಿದ್ದರಿಂದ ಗಾಳಿಯ ಜಾತಿ ಗೊತ್ತಾಗಲ್ಲ. ತುಕ್ಕು ಹಿಡಿದ ಹುಕ್ಕು ಸಾದಾ ಗಾಳಿಗೂ ಬಿಡುತ್ತೆ. ಹುಕ್ಕು ನೆಟ್ಟಗಾಗಿದೆಯೋ, ಮುರಿದಿದೆಯೋ, ತಗಡಿನ ತೂತೇ ಹರಿದಿದೆಯೋ, ಹತ್ತಿರದ ಫೋಟೊ ಹಾಕಿ.

ಕಾರಟಗಿ: ಬದುವಿನ ಬೇವು ಪೂರ್ವಕ್ಕ ಬಿದ್ದೈತಿ, ನೂರೈವತ್ತು ಹೆಜ್ಜಿ ಆಚಿ ಜಾಲಿ ಪಶ್ಚಿಮಕ್ಕ. ನಡುವ ಭತ್ತ ಸುತ್ತಿ ಮಲಗೈತಿ. ಪಕ್ಕದ ಊರಾಗ ಎಲಿನೂ ಅಲುಗಿಲ್ರಿ.

ಇಂಜಿನಿಯರ್: ಇದನ್ನು ಇವತ್ತೇ ಅಳೆಯಬೇಕು. ಹಾನಿಯಾದ ಪಟ್ಟಿಯನ್ನು ಅಡ್ಡಕ್ಕೆ ದಾಟಿ: ಈಚೆ ಏನೂ ಆಗದ ಬದುವಿನಿಂದ ಆಚೆ ಏನೂ ಆಗದ ಬದುವಿನ ತನಕ. ಪ್ರತಿ ಮರದ ಬುಡದಲ್ಲಿ ನಿಂತು, ತುದಿಯ ಕಡೆ ಮೊಬೈಲಿನ ದಿಕ್ಸೂಚಿ ಹಿಡಿದು ಡಿಗ್ರಿ ಬರೆಯಿರಿ. ಬೈಕು, ಟ್ರ್ಯಾಕ್ಟರ್ ಪಕ್ಕ ನಿಂತರೆ ದಿಕ್ಕು ತಪ್ಪುತ್ತೆ. ಮರದ ಜಾತಿ, ಎದೆಮಟ್ಟದ ಸುತ್ತಳತೆ, ಬೇರು ಕಿತ್ತಿದೆಯೋ ಕಾಂಡ ಮುರಿದಿದೆಯೋ ಎಲ್ಲ ಬರಲಿ. ನೆಂದ ಎರೆ ಮಣ್ಣಿನಲ್ಲಿ ಬೇರು ಸಡಿಲಾಗಿ ಕಡಿಮೆ ಗಾಳಿಗೂ ಮರ ಉರುಳುತ್ತೆ. ಮುರಿದ ಕಾಂಡವೇ ಗಟ್ಟಿ ಸಾಕ್ಷಿ.

ಪ್ರತಿ ಮರ ಬಿದ್ದ ದಿಕ್ಕಿಗೆ ಒಂದೊಂದು ಬಾಣ ನಕ್ಷೆ ಮೇಲೆ ಹಾಕಿ ನೋಡಿ. ಎಲ್ಲ ಒಂದೇ ಕಡೆ ಅಥವಾ ಬೀಸಣಿಗೆಯಂತೆ ಹೊರಕ್ಕೆ ಹರಡಿದ್ದರೆ, ಅದು ಮೋಡದಿಂದ ಕೆಳಕ್ಕೆ ಅಪ್ಪಳಿಸಿ ಚದುರಿದ ಗಾಳಿ. ಎರಡೂ ಬದಿಯ ಬಾಣ ನಡುಗೆರೆಯತ್ತ ಒಳಕ್ಕೆ ತಿರುಗಿದ್ದರೆ ಸುಂಟರಗಾಳಿ. ಕೊಂಬೆ ತಿರುಚಿದ್ದು ಪುರಾವೆಯಲ್ಲ. ಒಂದೇ ಬದಿಗೆ ಹರಡಿದ ಮರ ನೇರ ಗಾಳಿಗೂ ತಿರುಚುತ್ತೆ. ಎರಡೇ ಮರವೂ ಸಾಲವು, ಇಪ್ಪತ್ತಾದರೂ ಬೇಕು. ಬೇವು ದಕ್ಷಿಣದ ಬದಿಯಲ್ಲಿದ್ದರೆ ಗಾಳಿ ಅಪ್ರದಕ್ಷಿಣವಾಗಿ ಸುತ್ತಿದೆ ಎನ್ನಲು ಹೊಂದುತ್ತೆ. ಯಾವ ಬದಿ?

ಕರೆಂಟ್ ಕಂಬ ಎಣಿಸಬೇಡಿ. ಒಂದು ಮುರಿದರೆ ತಂತಿ ಪಕ್ಕದವನ್ನೂ ಎಳೆದು ಕೆಡವುತ್ತೆ. ತಂತಿ ಬಿದ್ದ ಗದ್ದೆಗೆ ಲೈನ್‌ಮನ್ ಬಂದು ಲೈನ್ ಬಂದ್ ಮಾಡುವ ತನಕ ಕಾಲಿಡಬೇಡಿ.

ಗಂಗಾವತಿ: ಬಾಳಿ ಗಿಡ ಎತ್ತಿ ಕಟ್ಟಿದ್ರ ಬದುಕ್ತಾವೇನ್ರಿ ಸರ್?

ಸಿಂಧನೂರು: (ಫಾರ್ವರ್ಡ್) ಸುಂಟರಗಾಳಿ ಬಂದಾಗ ಕಿಟಕಿ ಬಾಗಿಲು ತೆರೆದಿಡಿ, ಒತ್ತಡ ಹೊರಹೋಗಿ ಮನೆ ಉಳಿಯುತ್ತದೆ. ತಗಡಿನ ಮೇಲೆ ಕಲ್ಲು ಹೇರಿ. ಎಲ್ಲರಿಗೂ ಕಳಿಸಿ 🙏

ಇಂಜಿನಿಯರ್: ಯಾರಿಗೂ ಕಳಿಸಬೇಡಿ. ತೆರೆದ ಕಿಟಕಿಯಿಂದ ಗಾಳಿ ಒಳಹೊಕ್ಕು ಚಾವಣಿಯನ್ನು ಕೆಳಗಿನಿಂದ ಎತ್ತುತ್ತೆ. ಗಂಟೆಗೆ 100 ಕಿ.ಮೀ. ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕೆ.ಜಿ.; 3 ಚದರ ಮೀಟರಿನ ತಗಡಿಗೆ 140. ನಿಮ್ಮ ನಾಲ್ಕು ಕಲ್ಲು ಹಾರಿ ಯಾರ ತಲೆ ಮೇಲೆ ಬೀಳಬೇಕು?

ಸಿಂಧನೂರು: ನಮ್ಮ ಹಿರಿಯರು ಕಲ್ಲು ಇಟ್ಟೇ ಬದುಕ್ಯಾರ್ರಿ.

ಸಿರುಗುಪ್ಪ: ಅವಾಗ ಮಣ್ಣಿನ ಮಾಳಿಗಿ ಇದ್ವು ಅಣ್ಣಾ, ತಗಡು ಎಲ್ಲಿದ್ವು?

ಸಿಂಧನೂರು: ನೀ ಬಾಳ ಶಾಣ್ಯಾ ಬಿಡು.

ಮಾನ್ವಿ: ಮನಿ ಗೋಡಿ ಬಿದ್ದದ, ಎಷ್ಟು ಕೊಡ್ತಾರ್ರಿ?

ಇಂಜಿನಿಯರ್: 2022–26ರ ವಿಪತ್ತು ನಿಧಿ ಮಾನದಂಡದಂತೆ, ಕನಿಷ್ಠ ಶೇ 15 ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂ. ಇತ್ತು. ಪಂಚನಾಮೆಗೆ ಮೊದಲು ಗೋಡೆ ಕಟ್ಟಬೇಡಿ.

ಸಿರುಗುಪ್ಪ: ಬೆಳಿಗೆ ಶೇ 33 ಆಗ್ಲೇಬೇಕಂತ.

ಮಾನ್ವಿ: 33 ಯಾರು ಅಳೀತಾರ? ಬದುವಿನ ಮ್ಯಾಲೆ ನಿಂತು ಬರ್ಕೊಂಡು ಹೋಗ್ತಾರ.

ಸಿರುಗುಪ್ಪ: ನೀವು ಅವತ್ತು ಹೊಲದಾಗ ಇದ್ರೇನು?

ಕುಷ್ಟಗಿ: ಸರ್ ನಮ್ಮ ತಗಡೂ ಹಾರ್ಯಾವ, ಸುಂಟರಗಾಳಿನಾ?

ಇಂಜಿನಿಯರ್: ಮೇಲೆ ಓದಿ.

ಗಂಗಾವತಿ: ಸರ್, ಬಾಳಿ?

ಕಾರಟಗಿ: ಬೇವು ದಕ್ಷಿಣಕ್ಕೇ ಇತ್ರಿ. ಆದ್ರ ಮುಂಜಾನಿನೇ ಕೊಯ್ದು ಒಯ್ದಾರ.

ಇಂಜಿನಿಯರ್: ಬೇರಿನ ಗಡ್ಡೆ ಉಳಿದಿರುತ್ತಲ್ಲ? ಗುಂಡಿಯಿಂದ ಗಡ್ಡೆ ಯಾವ ಕಡೆ ವಾಲಿದೆಯೋ ಮರ ಆ ಕಡೆಗೇ ಬಿದ್ದದ್ದು. ಗುಂಡಿ ಮುಚ್ಚುವ ಮೊದಲು ಹೋಗಿ.