ಅಪ್ಪನಿಗೆ 74, ದೊಡ್ಡ ಕರುಳಿನ ಆಪರೇಷನ್: ವಯಸ್ಸೇ ತೊಂದರೆನಾ?

ಶಿಡ್ಲಘಟ್ಟ ರೇಷ್ಮೆ:
ಅಪ್ಪನಿಗೆ ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ. ಮುಂದಿನ ತಿಂಗಳು ಬೆಂಗಳೂರಲ್ಲಿ ಆಪರೇಷನ್. ಶುಗರ್ ಇದೆ, ಬೀಡಿ ಬಿಟ್ಟಿಲ್ಲ, ಈಚೆಗೆ ತುಂಬಾ ಸೊರಗಿದ್ದಾರೆ. ಗಡ್ಡೆ ತೆಗೆದು ಕರುಳು ಜೋಡಿಸಿದ ಹೊಲಿಗೆ ಸೋರಬಹುದು, ಸ್ವಲ್ಪ ಕಾಲ ಮಲ ಹೋಗಲು ಹೊಟ್ಟೆ ಮೇಲೆ ಚೀಲ ಹಾಕಬೇಕಾಗಬಹುದು ಅಂದಿದ್ದಾರೆ ಡಾಕ್ಟರು. ಚೀಲ ಅಂದಿದ್ದೇ ತಡ, ಅಪ್ಪ ಆಪರೇಷನ್ನೇ ಬೇಡ ಅಂತ ಕೂತಿದ್ದಾರೆ. ಚಿಕ್ಕಪ್ಪ ಬೇರೆ, ಈ ವಯಸ್ಸಲ್ಲಿ ಯಾಕೆ ಕೊಯ್ಸೋದು ಅಂತ ತಲೆ ತಿನ್ನುತ್ತಿದ್ದಾರೆ. ಏನು ಮಾಡಲಿ?

ಕೋಲಾರದ ಸಿಸ್ಟರ್:
ಸರ್ಜರಿ ವಾರ್ಡಿನ ನರ್ಸ್ ನಾನು. ಬರೀ ವಯಸ್ಸು ನೋಡಿ ಹೆದರಬೇಡಿ, 80 ದಾಟಿದವರೂ ಗಟ್ಟಿಯಾಗಿದ್ದರೆ ಚೆನ್ನಾಗಿ ಎದ್ದು ಓಡಾಡುತ್ತಾರೆ. ನನಗೆ ಚಿಂತೆ ಸೊರಗಿರೋದು ಮತ್ತು ಬೀಡಿ. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟಿದೆ ಕೇಳಿ. 3.5ಕ್ಕಿಂತ (ಗ್ರಾಂ/ಡೆಸಿಲೀಟರ್) ಕಡಿಮೆ ಇದ್ದರೆ ತೊಂದರೆ ಜಾಸ್ತಿ. ಹಿಮೋಗ್ಲೋಬಿನ್, ಶುಗರ್ ಕೂಡ ಈಗಲೇ ಸರಿಮಾಡಿಸಬೇಕು. ಬೀಡಿ ಸೇದಿದರೆ ಹೊಲಿದ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಕನಿಷ್ಠ 4 ವಾರ ಮೊದಲೇ ಬಿಡಬೇಕು, ಅಂದರೆ ಇವತ್ತೇ. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರುವ ಸಾಧ್ಯತೆ ಹೆಚ್ಚು, ಗಂಡಸರಲ್ಲಿ ಇನ್ನೂ ಹೆಚ್ಚು, ಯಾಕೆಂದರೆ ಅವರ ಸೊಂಟದ ಗೂಡು ಕಿರಿದು, ಒಳಗೆ ಕೈಯಾಡಿಸುವುದು ಕಷ್ಟ. ಚೀಲ ಹಾಕುವುದು ಅದಕ್ಕೇ. ಹೊಲಿಗೆ ಮಾಯುವ ತನಕ ಮಲ ಅಲ್ಲಿಗೆ ಹೋಗದೆ ಮೇಲಿಂದಲೇ ಹೊರಬರುತ್ತದೆ. ಅಕಸ್ಮಾತ್ ಸೋರಿದರೂ ಜೀವಕ್ಕೆ ಅಪಾಯ ಕಡಿಮೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಚೀಲ ತೆಗೆದು ಹೊಟ್ಟೆ ಮೇಲಿನ ಆ ದಾರಿ ಮುಚ್ಚುತ್ತಾರೆ. ಎಲ್ಲರಿಗೂ ಮುಚ್ಚಲು ಆಗುವುದಿಲ್ಲ, ಅದನ್ನೂ ಮೊದಲೇ ಕೇಳಿಕೊಳ್ಳಿ.

ತಿಪಟೂರು ತೆಂಗು:
ನಮ್ಮ ಅತ್ತೆಗೆ ಹೊಲಿಗೆ ಸೋರಲಿಲ್ಲ, ಕರುಳೇ ಮುಷ್ಕರ ಹೂಡಿತ್ತು! ಹೊಟ್ಟೆ ಉಬ್ಬರ, ವಾಂತಿ, ಗಾಳಿನೂ ಹೋಗದು. ಮಾರ್ಫಿನ್ ತರದ ನೋವಿನ ಔಷಧಿ, ಪೊಟ್ಯಾಸಿಯಂ ಕಡಿಮೆಯಾಗಿರೋದು, ಮಲಗಿದಲ್ಲೇ ಇರೋದು, ಇವೆಲ್ಲ ಸೇರಿ ಹಾಗಾಗುತ್ತದೆ ಅಂದರು. ಮರುದಿನದಿಂದಲೇ ಎಬ್ಬಿಸಿ ನಡೆಸುತ್ತಾರೆ. ಪಾಪ ಮಲಗಲಿ ಅನ್ನುವ ನೆಂಟರನ್ನು ಮಾತ್ರ ವಾರ್ಡಿಗೆ ಬಿಡಬೇಡಿ.

ಶಿಡ್ಲಘಟ್ಟ ರೇಷ್ಮೆ:
ರಿಪೋರ್ಟ್ ತೆಗೆದು ನೋಡಿದೆ, ಆಲ್ಬುಮಿನ್ 2.9! ಮೊಟ್ಟೆ ಕೊಟ್ಟರೆ ಏರುತ್ತಾ?

ಕೋಲಾರದ ಸಿಸ್ಟರ್:
ಕಿಡ್ನಿ ಚೆನ್ನಾಗಿದ್ದರೆ ಮೊಟ್ಟೆ, ಬೇಳೆ, ಮೊಸರು ಧಾರಾಳವಾಗಿ ಕೊಡಿ, ಆದರೆ ನಾಲ್ಕು ದಿನದಲ್ಲಿ ಏರುವುದಿಲ್ಲ. ರಿಪೋರ್ಟನ್ನು ಸರ್ಜನ್‌ಗೆ ತೋರಿಸಿ, ಡಯಟಿಷಿಯನ್ ಹತ್ತಿರ ಕಳಿಸಲು ಕೇಳಿ. ಇನ್ನೊಂದು, ಆಪರೇಷನ್ ಆಗಿ ಒಂದು ವಾರದ ಆಸುಪಾಸಿನಲ್ಲಿ ಜ್ವರ, ಜೋರು ಎದೆಬಡಿತ, ಹೊಟ್ಟೆನೋವು ಬಂದರೆ ಹೊಲಿಗೆ ಸೋರಿರಬಹುದು, ಕಾಯಬೇಡಿ. ವಯಸ್ಸಾದವರಿಗೆ ಜ್ವರ ಬರದೇ ಇರಬಹುದು. ಇದ್ದಕ್ಕಿದ್ದಂತೆ ಏನೇನೋ ಮಾತಾಡಲು ಶುರು ಮಾಡಿದರೂ ತಕ್ಷಣ ಡಾಕ್ಟರಿಗೆ ಹೇಳಿ.