ಫ್ರಿಜ್ ನೀರು: ಮೊದಲ ಬಾಟಲಿ ಸರಿ, ಎರಡನೆಯದರಲ್ಲಿ ಪ್ಲಾಸ್ಟಿಕ್ ವಾಸನೆ. ಯಾಕೆ?

ಪ್ರಶ್ನೆ

ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ, ಗೊತ್ತಿದ್ದವರು ದಾರಿ ತೋರಿಸಿ. ನಮ್ಮದು ಬಾಗಿಲಲ್ಲೇ ನೀರು ಬರುವ ಫ್ರಿಜ್. ಹಿಂದಿನಿಂದ ಪೈಪ್ ಕನೆಕ್ಷನ್, ಒಳಗೆ ಫಿಲ್ಟರ್. ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ನೀರಿಗೆ ಪ್ಲಾಸ್ಟಿಕ್ ರುಚಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತುಹೋದ ಬಾಟಲಿಯ ನೀರು ಕುಡಿದಿದ್ದೀರಾ? ಹಾಗೇ.

ಮೊದಲು ಹೇಳಿದ್ದು ಮಗಳು. "ಅಮ್ಮಾ, ನನ್ನ ಬಾಟಲಿ ನೀರು ವಾಸನೆ" ಅಂದಳು. ನಾನೂ ಇವರೂ ಫ್ರಿಜ್ಜಿನಿಂದ ಒಂದೊಂದು ಲೋಟ ಹಿಡಿದು ಕುಡಿದೆವು, ಏನೂ ಅನ್ನಿಸಲಿಲ್ಲ. ಸುಮ್ನೆ ನೆಪ ಹೇಳುತ್ತಾಳೆ ಅಂದುಕೊಂಡೆ. ಸ್ಟೀಲ್ ಬಾಟಲಿ ಕೊಟ್ಟು ನೋಡಿದೆ, ಆದರೂ ಅದೇ ದೂರು. ಒಂದು ದಿನ ಅವಳ ಬಾಟಲಿಯಿಂದಲೇ ಕುಡಿದೆ. ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ದಿನ ಮಗುವಿನ ಮಾತು ನಂಬಲಿಲ್ಲವಲ್ಲ ಅಂತ ತುಂಬಾ ಬೇಜಾರಾಯಿತು.

ಆಮೇಲೆ ಗಮನಿಸಿದೆ. ಬೆಳಿಗ್ಗೆ ಮೊದಲು ತುಂಬುವುದು ಇವರ ಬಾಟಲಿ, ಒಂದು ಲೀಟರಿನದು. ಅದು ಸರಿ ಇರುತ್ತದೆ. ಅದರ ಹಿಂದೆಯೇ ತುಂಬುವ ಅವಳ ಬಾಟಲಿಯಲ್ಲಿ ಮಾತ್ರ ವಾಸನೆ. ಎಲ್ಲರೂ "ರಾತ್ರಿ ನಿಂತ ನೀರು, ಮೊದಲ ಲೋಟ ಚೆಲ್ಲಿ" ಅನ್ನುತ್ತಾರೆ. ನಮ್ಮಲ್ಲಿ ಮೊದಲ ಲೋಟವೇ ಚೆನ್ನಾಗಿದೆ! ಫಿಲ್ಟರ್ ಎರಡು ಸಲ ಬದಲಾಯಿಸಿದೆ. ಎರಡು ಮೂರು ವಾರ ಸರಿ, ಮತ್ತೆ ಶುರು.

ಉತ್ತರ 1

ಹೊಸ ಫಿಲ್ಟರ್ ಹಾಕಿದ ಮೇಲೆ ನೀರು ಬಿಟ್ಟು ಚೆಲ್ಲಿದಿರಾ? ಸುಮಾರು ಹತ್ತು ಲೀಟರ್ ಹೋಗಬೇಕು, ನಿಖರವಾಗಿ ಎಷ್ಟು ಅಂತ ಫ್ರಿಜ್ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಮೊದಮೊದಲು ಫಿಲ್ಟರ್ ಒಳಗಿರುವ ಇದ್ದಿಲಿನ ಸಣ್ಣ ಪುಡಿ ಬರುತ್ತದೆ. ನೀರು ಬೆಳ್ಳಗೆ ಕಂಡು, ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಬರೀ ಗಾಳಿ, ಹೆದರಬೇಡಿ.

ಕೇಳಿದವರು

ಹೌದು, ಎರಡು ಸಲವೂ ದೊಡ್ಡ ಪಾತ್ರೆ ಇಟ್ಟು ಅಳೆದೇ ಬಿಟ್ಟೆ. ಗಿಡಗಳಿಗೆ ಹಾಕಿದೆ.

ಉತ್ತರ 2

ಮೇಡಂ, ನಿಮಗೆ ಬೇಕಾದ ಸುಳಿವು ನಿಮ್ಮ ಮಾತಲ್ಲೇ ಇದೆ. ಎಷ್ಟನೇ ಲೋಟ ಕೆಟ್ಟಿದೆ ಅನ್ನುವುದೇ ತೊಂದರೆ ಎಲ್ಲಿದೆ ಅಂತ ಹೇಳುತ್ತದೆ.

ನೀರು ಬರುವ ದಾರಿ ನೋಡಿ. ಗೋಡೆಯ ವಾಲ್ವ್, ಹಿಂದಿನ ಪೈಪ್, ಫಿಲ್ಟರ್, ಆಮೇಲೆ ತಣ್ಣಗಾಗಲು ಒಳಗೊಂದು ಟ್ಯಾಂಕ್ ಅಥವಾ ಸುರುಳಿ ಪೈಪ್, ಕೊನೆಗೆ ಬಾಗಿಲಿನ ನಳಿಕೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಇದೇ ಕ್ರಮ. ಬಾಗಿಲಿನ ನಳಿಕೆಯಲ್ಲಿ ಕೊಳೆ ಇದ್ದರೆ ಮೊದಲ ಗುಟುಕೇ ಕೆಡುತ್ತದೆ. ಟ್ಯಾಂಕಿನಲ್ಲಿ ನಿಂತ ನೀರಾದರೆ ಮೊದಲ ಬಾಟಲಿ ಪೂರ್ತಿ ಕೆಡಬೇಕು. ನಿಮ್ಮಲ್ಲಿ ಟ್ಯಾಂಕ್ ಖಾಲಿಯಾದ ಮೇಲೆ ಕೆಟ್ಟ ನೀರು ಬರುತ್ತಿದೆ. ಅಂದರೆ ಅದು ರಾತ್ರಿಯಿಡೀ ಟ್ಯಾಂಕಿಗಿಂತ ಹಿಂದೆ ಎಲ್ಲೋ ನಿಂತಿದ್ದ ನೀರು.

ಹೊಸ ಫಿಲ್ಟರ್ ಎರಡು ಮೂರು ವಾರ ತಡೆಯುತ್ತದೆ ಅನ್ನುವುದೂ ಇದಕ್ಕೇ ಹೊಂದುತ್ತದೆ. ಇದ್ದಿಲು ವಾಸನೆಯನ್ನು ಹೀರಿಕೊಳ್ಳುತ್ತದೆ. ಸಾಮಾನ್ಯವಾಗಿ ಆರು ತಿಂಗಳು ಬರಬೇಕಾದ್ದು ಇಷ್ಟು ಬೇಗ ಸೋತರೆ ಮೊದಲೇ ಏನೋ ಜಾಸ್ತಿ ಸೇರುತ್ತಿದೆ ಅಂತ ಅರ್ಥ.

ಹೀಗೆ ಮಾಡಿ. ಬೆಳಿಗ್ಗೆ ಯಾರೂ ನೀರು ಹಿಡಿಯುವ ಮೊದಲೇ ಫ್ರಿಜ್ ಪ್ಲಗ್ ತೆಗೆಯಿರಿ, ವಾಲ್ವ್ ಮುಚ್ಚಿ, ಫ್ರಿಜ್ಜನ್ನು ಮುಂದಕ್ಕೆ ಎಳೆಯಿರಿ. ಹಿಂದಿನ ಪೈಪ್ ಬಿಚ್ಚಿ, ಅದರ ತುದಿಯನ್ನು ಲೋಟಕ್ಕೆ ಹಿಡಿದು ವಾಲ್ವ್ ಸ್ವಲ್ಪವೇ ತೆರೆಯಿರಿ. ಸಿಂಕಿನ ನಲ್ಲಿಯಿಂದ ಇನ್ನೊಂದು ಲೋಟ. ಎರಡನ್ನೂ ಒಂದೇ ಹದಕ್ಕೆ ಬರಲು ಬಿಟ್ಟು ಮೂಸಿ. ತಣ್ಣಗಿನ ನೀರಲ್ಲಿ ವಾಸನೆ ಅಡಗುತ್ತದೆ.

ಇನ್ನೊಂದು ಪ್ರಶ್ನೆ: ಮೂರು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಆಯಿತಾ?

ಉತ್ತರ 3

ಇದು ಪೈಪ್ ಇಲ್ಲದ, ಕೈಯಲ್ಲಿ ನೀರು ತುಂಬುವ ಟ್ಯಾಂಕ್ ಇರುವವರಿಗೆ. ನಮ್ಮಲ್ಲಿ ಮಣ್ಣಿನ ವಾಸನೆ ಬರುತ್ತಿತ್ತು. ಟ್ಯಾಂಕ್ ಎಷ್ಟು ತೊಳೆದರೂ ಹೋಗಲಿಲ್ಲ. ಕೊನೆಗೆ ಟ್ಯಾಂಕಿನ ತಳದ ವಾಲ್ವ್ ತಿರುಗಿಸಿ ಬಿಚ್ಚಿದರೆ ರಬ್ಬರ್ ಉಂಗುರದ ಒಳಮಗ್ಗುಲಲ್ಲಿ ಕಪ್ಪು ಲೋಳೆ. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಅಡುಗೆ ಸೋಡಾ ಸಾಕಾಯಿತು. ಬ್ಲೀಚ್ ಮತ್ತು ವಿನೆಗರ್ ಒಟ್ಟಿಗೆ ಮಾತ್ರ ಯಾವತ್ತೂ ಹಾಕಬೇಡಿ, ವಿಷಗಾಳಿ ಬರುತ್ತದೆ.

ಕೇಳಿದವರು

ಉತ್ತರ 2ರವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಹೌದು, ಆಗ ಸಿಂಕ್ ಕೆಳಗೆ ಸೋರಿಕೆ ರಿಪೇರಿ ಮಾಡಿಸಿದ್ದೆವು. ಪ್ಲಂಬರ್ ಹಿಂದಿನ ಪೈಪನ್ನೂ ಬದಲಾಯಿಸಿದ್ದರು. ನನಗೆ ಅದು ನೆನಪೇ ಇರಲಿಲ್ಲ.

ಇವತ್ತು ಫ್ರಿಜ್ ಎಳೆದೆವು. ಮೊದಲಿದ್ದದ್ದು ಬಿಳಿಯ, ಗಟ್ಟಿ, ಸಣ್ಣ ಪೈಪ್. ಈಗಿರುವುದು ಗಾಜಿನಂತೆ ಕಾಣುವ, ಮೆತ್ತಗಿನ, ದಪ್ಪ ಟ್ಯೂಬ್. ಮೇಲೆ ಒಂದು ಅಕ್ಷರವೂ ಇಲ್ಲ. ಬೇಕಾದ್ದಕ್ಕಿಂತ ಎಷ್ಟೋ ಉದ್ದ ಬಿಟ್ಟು, ಉಳಿದದ್ದನ್ನು ಸುತ್ತಿ ಕಂಪ್ರೆಸರ್ ಮೇಲೆ ಇಟ್ಟಿದ್ದಾರೆ. ಮುಟ್ಟಿದರೆ ಬೆಚ್ಚಗಿತ್ತು. ಅದರ ತುದಿಯಿಂದ ಹಿಡಿದ ಲೋಟವನ್ನು ಮಗಳ ಕೈಗೆ ಕೊಟ್ಟೆ. ಮೂಗಿನ ಹತ್ತಿರ ತಂದವಳೇ "ಇದೇ ಅಮ್ಮಾ, ಇದೇ!" ಅಂದಳು. ನಲ್ಲಿ ನೀರಿನ ಲೋಟದಲ್ಲಿ ಏನೂ ಇರಲಿಲ್ಲ.

ಉತ್ತರ 2

ಸಿಕ್ಕಿತಲ್ಲ! ಆ ಟ್ಯೂಬ್ ಒಳಗೆ 6 ಮಿ.ಮೀ. ಅಗಲ ಇದ್ದರೆ ಮೀಟರಿಗೆ ಸುಮಾರು 30 ಮಿ.ಲೀ. ನೀರು ಹಿಡಿಯುತ್ತದೆ. ಏಳು ಮೀಟರ್ ಅಂದರೆ ಒಂದು ಲೋಟ. ರಾತ್ರಿಯಿಡೀ ಬೆಚ್ಚಗೆ ನೆಂದ ಆ ಒಂದು ಲೋಟ ಹೋಗಿ ಮಗುವಿನ ಬಾಟಲಿಗೆ ಬೀಳುತ್ತಿತ್ತು.

ಕುಡಿಯುವ ನೀರಿಗೆಂದೇ ಮಾಡಿದ ಕಾಲು ಇಂಚಿನ ಪೈಪ್ ಹಾಕಿಸಿ, ಅದರ ಮೇಲೆ ಹಾಗಂತ ಅಚ್ಚಾಗಿರಬೇಕು. ತುದಿಯನ್ನು ನೇರವಾಗಿ ಕತ್ತರಿಸಿ ಕನೆಕ್ಟರ್ ಒಳಗೆ ಪೂರ್ತಿ ಒತ್ತಬೇಕು. ಫಿಲ್ಟರ್ ಕೂಡ ಬದಲಾಯಿಸಿ, ಈಗಿರುವುದು ಆ ವಾಸನೆಯನ್ನೆಲ್ಲ ಕುಡಿದಿದೆ. ಐಸ್ ಮಾಡುವ ಟ್ರೇ ಇದ್ದರೆ ಹಳೇ ಐಸ್ ಪೂರ್ತಿ ಚೆಲ್ಲಿ.

ಕೇಳಿದವರು

ಎಲ್ಲ ಆಯಿತು. ಪೈಪ್ ಈಗ ಗಿಡ್ಡವಾಗಿದೆ, ಕಂಪ್ರೆಸರ್ ಹತ್ತಿರ ಹೋಗುವುದೇ ಇಲ್ಲ. ಮೊದಲ ಎರಡು ದಿನ ಸ್ವಲ್ಪ ವಾಸನೆ ಉಳಿದಿತ್ತು, ಇನ್ನಷ್ಟು ನೀರು ಬಿಟ್ಟ ಮೇಲೆ ಹೋಯಿತು. ಸೋರುತ್ತದೇನೋ ಅಂತ ರಾತ್ರಿ ಕನೆಕ್ಟರಿಗೆ ಟಿಶ್ಯೂ ಕಾಗದ ಸುತ್ತಿಟ್ಟಿದ್ದೆ. ಬೆಳಿಗ್ಗೆ ಒಣಗಿಯೇ ಇತ್ತು. ಈಗ ಮೊದಲು ಮಗಳ ಬಾಟಲಿ ತುಂಬುತ್ತೇನೆ.